ಶಿವಶರಣಪ್ಪನವರ ಏಳು ನಿಮಿಷ

ಶಿವಶರಣಪ್ಪನವರ ಬಾಯಿಂದ 'ಸುಮಾರು' ಎಂಬ ಶಬ್ದ ಹೊರಟದ್ದನ್ನು ಕೇಳಿದವರು ನಾಗಪುರದ ಮನೀಶ್ ನಗರದ ಈಚೆಗೂ ಇಲ್ಲ, ಆಚೆಗೂ ಇಲ್ಲ. ಊಟವಾಯಿತೇ ಎಂದು ವಿಚಾರಿಸಿದರೆ, 'ಆಯ್ತ್ರಿ, ಹನ್ನೆರಡು ಐವತ್ಮೂರಕ್ಕ ಕೈ ತೊಳದೆ' ಎನ್ನುವರು. ಮಗಳ ಮದುವೆ ಯಾವಾಗ ಆಯಿತೆಂದು ಕೇಳಿಬಿಟ್ಟರಂತೂ ಸಂವತ್ಸರ, ತಿಥಿ, ಲಗ್ನಗಳನ್ನೆಲ್ಲ ಸಾಂಗವಾಗಿ ಹೇಳಿ ಮುಗಿಸಿ, ಅಕ್ಷತೆ ಬಿದ್ದದ್ದು ಮುಹೂರ್ತಕ್ಕಿಂತ ನಾಲ್ಕು ನಿಮಿಷ ತಡವಾಗಿ ಎಂಬ ಹಳೆಯ ವ್ಯಥೆಯನ್ನೂ ತೋಡಿಕೊಳ್ಳುವರು. ನಡಿಗೆಯೂ ಹಾಗೆಯೇ. ನೀಳವಾದ ಕಾಲು, ತುಸು ಮುಂದಕ್ಕೆ ಬಾಗಿದ ಬೆನ್ನು, ಎಡಗೈಯ ಮುಷ್ಟಿ ಎದೆಯ ಹತ್ತಿರ, ಮಣಿಕಟ್ಟಿನ ಗಡಿಯಾರ ಸದಾ ಕಣ್ಣಳತೆಯಲ್ಲಿ; ಎದುರಿಗೆ ಬಂದವರಿಗೆ ಈ ಮನುಷ್ಯ ತನ್ನ ಕೈಯನ್ನೇ ಹಿಂಬಾಲಿಸಿ ಹೋಗುತ್ತಿದ್ದಾನೆ ಎನ್ನಿಸಬೇಕು.

ಇನ್ನು ಆ ಕೋಟು. ವೈಶಾಖದ ನಾಗಪುರವೆಂದರೆ ಕಾಗೆಗಳು ಕೊಕ್ಕು ತೆರೆದುಕೊಂಡು ನೆರಳು ಹುಡುಕುವ ಊರು, ಮಧ್ಯಾಹ್ನ ಹೊರಗೆ ಹೊರಟವನನ್ನು ಮನೆಯವರು ಹುಚ್ಚನೆಂದೇ ತಿಳಿಯುವ ಊರು. ಅಂಥ ಬಿಸಿಲಿನಲ್ಲೂ ಶಿವಶರಣಪ್ಪನವರ ಮೈಮೇಲೆ ಬೂದುಬಣ್ಣದ ಖಾದಿ ಕೋಟು ಇರಲೇಬೇಕು. ಅದನ್ನು ಕೋಟು ಎನ್ನುವುದಕ್ಕಿಂತ ನಾಲ್ಕು ಜೇಬಿನ ಕಚೇರಿ ಎನ್ನುವುದೇ ನ್ಯಾಯ. ಒಂದರಲ್ಲಿ ಚೂಪು ಮಾಡಿದ ಪೆನ್ಸಿಲ್ಲುಗಳು, ಒಂದರಲ್ಲಿ ರಬ್ಬರು ಮತ್ತು ಅರ್ಧ ಅಡಿಯ ಪಟ್ಟಿ, ಒಂದರಲ್ಲಿ ಮಡಚಿದ ಚೌಕಳಿ ಹಾಳೆ, ಎದೆಯ ಜೇಬಿನಲ್ಲಿ ವಿಭೂತಿಯ ಸಣ್ಣ ಡಬ್ಬಿ. ಹೆಂಡತಿ ಲಲಿತಾಬಾಯಿಯವರು ಅದನ್ನು ಒಗೆಯಲು ತೆಗೆದುಕೊಂಡ ದಿನ ಯಜಮಾನರು ಮನೆ ಬಿಟ್ಟು ಕದಲುವುದಿಲ್ಲ.

ವಾಡಿ ಜಂಕ್ಷನ್ನಿನ ಆಸುಪಾಸಿನಲ್ಲಿ ಹುಟ್ಟಿ, ರೈಲ್ವೆ ಸೇರಿ, ವರ್ಗವಾಗಿ ನಾಗಪುರಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಅವರು ಕೆಲಸ ಮಾಡಿದ್ದು ಕಂಟ್ರೋಲ್ ಕಚೇರಿಯಲ್ಲಿ. ಅಲ್ಲಿ ಕಿಟಕಿಯಿಂದ ರೈಲು ಕಾಣುವುದಿಲ್ಲ. ಮೇಜಿನ ತುಂಬ ಹಾಸಿದ ಒಂದು ದೊಡ್ಡ ಹಾಳೆ, ಅಡ್ಡಕ್ಕೆ ಗಂಟೆ ನಿಮಿಷಗಳು, ಉದ್ದಕ್ಕೆ ಸ್ಟೇಷನ್ನುಗಳು, ಕಿವಿಯಲ್ಲಿ ಫೋನು. ಇಂಥ ಗಾಡಿ ಇಂಥ ಸ್ಟೇಷನ್ ಬಿಟ್ಟಿತು ಎಂದು ಅಲ್ಲಿಂದ ದನಿ ಬಂದರೆ ಇಲ್ಲಿ ಪೆನ್ಸಿಲ್ಲಿನಿಂದ ಓರೆಗೆರೆ ಮುಂದುವರಿಯಬೇಕು. ಕೇಳಿದ್ದನ್ನು ತಿರುಗಿ ಹೇಳಿ ಖಾತರಿ ಮಾಡಿಕೊಳ್ಳುವುದು ಆ ಕಚೇರಿಯ ಕಟ್ಟುನಿಟ್ಟು. ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದರೂ ಆ ಚಾಳಿ ಹೋಗಿಲ್ಲ. 'ಉಪ್ಪು ಮುಗದದ' ಎಂದು ಲಲಿತಾಬಾಯಿ ಅಡಿಗೆಮನೆಯಿಂದ ಕೂಗಿದರೆ, 'ಉಪ್ಪು ಮುಗದದ. ಬರೋಬರ್. ಹತ್ತು ಇಪ್ಪತ್ತಕ್ಕ ತರ್ತೀನಿ' ಎಂದು ಪಡಸಾಲೆಯಿಂದ ಉತ್ತರ ಹೋಗುತ್ತದೆ. ಹತ್ತು ಇಪ್ಪತ್ತಕ್ಕೆ ಉಪ್ಪು ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇವೆ.

ಅವರು ಮನೆ ಕಟ್ಟಿಸಿಕೊಂಡದ್ದು ಮನೀಶ್ ನಗರದಿಂದಾಚೆ, ರೈಲು ಹಳಿ ದಾಟಿದ ಮೇಲೆ ಸಿಗುವ ಸೋನಬಾ ಲೇಔಟಿನಲ್ಲಿ. ಹತ್ತು ವರ್ಷದ ಕೆಳಗೆ ಅಲ್ಲಿ ತೊಗರಿ ಬೆಳೆಯುತ್ತಿತ್ತು. ಈಗ ನೋಡಬೇಕು ಅದರ ವೈಭವವನ್ನು: ನಾಲ್ಕು ಅಂತಸ್ತಿನ ಕಟ್ಟಡಗಳು, ಟ್ಯೂಷನ್ ಕ್ಲಾಸುಗಳು, ವ್ಯಾಯಾಮಶಾಲೆ, ಖಾರಕ್ಕೆ ಹೆಸರಾದ ಸಾವಜಿ ಊಟದ ಮೂರು ಖಾನಾವಳಿ, ಒಂದು ಮದುವೆ ಲಾನು. ರೈಲ್ವೆಯವರು, ಮದ್ದುಗುಂಡಿನ ಕಾರ್ಖಾನೆಯವರು, ಬ್ಯಾಂಕಿನವರು ಎಲ್ಲರೂ ಬಂದರು. ಬರದೆ ಉಳಿದವರು ಇಬ್ಬರೇ, ಪೊಲೀಸರು ಮತ್ತು ಬೆಂಕಿ ಆರಿಸುವವರು. ಠಾಣೆಯೂ ಹಳಿಯ ಆಚೆ, ಬಂಬ್ ಎಂದು ಇಲ್ಲಿಯವರು ಕರೆಯುವ ಅಗ್ನಿಶಾಮಕ ಗಾಡಿಯೂ ಹಳಿಯ ಆಚೆ, ನಡುವೆ ದಿನಕ್ಕೆ ಎಷ್ಟೋ ಸಲ ಮುಚ್ಚುವ ಗೇಟು. ಮನೆ ತಗೊಳ್ಳುವಾಗ ಇದನ್ನು ಯಾರೂ ಕೇಳುವುದಿಲ್ಲ. ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳುತ್ತಾರೆ, ಅಷ್ಟೇ.

ಹೋದ ವರ್ಷ ಮಾರ್ಗಶಿರದ ಒಂದು ಮುಂಜಾನೆ ಭಾನುಮತಿಯವರ ಅಡಿಗೆಮನೆಗೆ ಬೆಂಕಿ ಬಿತ್ತು. ಭಾನುಮತಿ ಎಂದರೆ ಮೈಸೂರು ಕಡೆಯ ಹೆಂಗಸು, ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು, ಹತ್ತನೆಯ ಗಲ್ಲಿಯ ತುದಿಯ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಒಬ್ಬರೇ ವಾಸ. ಬಂಬ್ ಹೊರಟದ್ದು ಸಕಾಲಕ್ಕೇ. ಆದರೆ ಗೇಟು ಮುಚ್ಚಿತ್ತು, ಕಲ್ಲಿದ್ದಲಿನ ಗೂಡ್ಸ್ ಗಾಡಿಯೊಂದು ನಿಧಾನವಾಗಿ ಸಾಗುತ್ತಿತ್ತು, ಹನ್ನೊಂದು ನಿಮಿಷ ಗಂಟೆ ಬಾರಿಸುತ್ತಾ ಬಂಬ್ ಆಚೆ ನಿಂತಿತು. ಈಚೆ, ಕಟ್ಟಡದ ಕೆಳಗೆ ಶಿವಶರಣಪ್ಪನವರು ತಲೆಯೆತ್ತಿ ನಿಂತಿದ್ದರು. ಮೇಲೆ ಬಾಲ್ಕನಿಯಲ್ಲಿ ಭಾನುಮತಿ ಒದ್ದೆ ಟವೆಲು ಮೂಗಿಗೆ ಒತ್ತಿಕೊಂಡು ಕೆಳಗೆ ನೋಡುತ್ತಿದ್ದರು. ಕೊನೆಗೆ ಪಕ್ಕದ ಮನೆಯವರೇ ಗೋಡೆ ಏರಿ, ಸೀರೆ ಬಿಗಿದು, ಅವರನ್ನು ಎರಡನೆಯ ಅಂತಸ್ತಿಗೆ ಇಳಿಸಿಕೊಂಡರು. ಬೆಂಕಿಯನ್ನೂ ಅವರೇ ಆರಿಸಿದರು, ಗೇಟು ಎದ್ದಾಗ ಬಂಬ್ ಆಚೆಯಿಂದಲೇ ಹಿಂತಿರುಗಿತು. ಕೈಗೆ ಸುಟ್ಟ ಗಾಯ, ಒಂದು ವಾರ ಕೆಮ್ಮು, ಜೀವಕ್ಕೇನೂ ಆಗಲಿಲ್ಲ.

ಆದರೆ ಆಗಿದ್ದು ಶಿವಶರಣಪ್ಪನವರಿಗೆ. ಆ ಗೂಡ್ಸು ಯಾವುದು, ಎಲ್ಲಿಂದ ಹೊರಟದ್ದು, ಎಲ್ಲಿ ಮುಟ್ಟಬೇಕಾದದ್ದು ಎಂಬುದು ಅವರಿಗೆ ಬಾಯಿಪಾಠ. ಮೂವತ್ತೊಂದು ವರ್ಷ ಅಂಥ ಗಾಡಿಗಳನ್ನು ಒಂದು ನಿಮಿಷ ನಿಲ್ಲಗೊಡದೆ ಓಡಿಸಿದ್ದೇ ಅವರ ಕೀರ್ತಿ. ಗೇಟಿನ ಆಚೆ ನಿಂತವರ ನಿಮಿಷಗಳಿಗೆ ಆ ದೊಡ್ಡ ಹಾಳೆಯಲ್ಲಿ ಒಂದು ಚುಕ್ಕಿಯ ಜಾಗವೂ ಇರಲಿಲ್ಲ. ಆ ದಿನ ಅವರು ಊಟಕ್ಕೆ ಕೂತು ಎದ್ದುಬಿಟ್ಟರು. 'ಅಕಿ ಮ್ಯಾಲಿಂದ ನನ್ನೇ ನೋಡ್ತಿದ್ಳು, ಲಲಿತಾ' ಎಂದಷ್ಟೇ ಹೇಳಿದರಂತೆ.

ಮರುದಿನದಿಂದ ಗೇಟಿನ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಥರ್ಮಾಸು, ಒಂದು ಬೂದು ಕೋಟು ಪ್ರತಿಷ್ಠಾಪನೆಯಾದವು. ಇಪ್ಪತ್ತೊಂದು ದಿನ ಬೆಳಗಿನಿಂದ ಸಂಜೆಯವರೆಗೆ ಕೂತು ಗೇಟು ಯಾವಾಗ ಬಿತ್ತು, ಯಾವಾಗ ಎದ್ದಿತು ಎಂಬುದನ್ನು ಬರೆದರು. ನೋಡಿದವರು ಮೊದಲು ನಕ್ಕರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ಕಂಡಿದ್ದೇವೆ, ಆರಿದ ಮೇಲೆ ತೋಡುವವರನ್ನು ಈಗಲೇ ಕಂಡದ್ದು ಎಂದು ಕಟಕಿಯಾಡಿದರು. ಒಂಬತ್ತನೆಯ ದಿನಕ್ಕೆ ನಕ್ಕವರೇ ಅವರ ಕುರ್ಚಿಗೆ ಕೊಡೆ ಕಟ್ಟಿಕೊಟ್ಟರು. ಆಮೇಲೆ ಸ್ಕೂಟರ್ ಹತ್ತಿ ಲೇಔಟಿನ ಪ್ರತಿಯೊಂದು ಮೂಲೆಗೂ ಹೋಗಿ ಬಂದರು. ಸರಗಳ್ಳತನ ಯಾವ ಗಲ್ಲಿಯಲ್ಲಿ, ಯಾವ ಹೊತ್ತಿನಲ್ಲಿ, ಅಪಘಾತ ಯಾವ ತಿರುವಿನಲ್ಲಿ ಎಂದು ಮನೆಮನೆಗೆ ಹೋಗಿ ಕೇಳಿ ಬರೆದರು. ಎಲ್ಲವನ್ನೂ ಸೇರಿಸಿ, ಊಟದ ಮೇಜಿನ ಮೇಲೆ ಚೌಕಳಿ ಹಾಳೆಗಳನ್ನು ಅಂಟಿಸಿ, ತಮ್ಮ ಹಳೆಯ ಕಚೇರಿಯ ಪದ್ಧತಿಯಲ್ಲೇ ಒಂದು ಮಹಾಚಾರ್ಟು ಬರೆದರು. ಆ ಮೇಜಿನ ಮೇಲೆ ಗಂಡ ಹೆಂಡಿರು ಉಂಡು ಎರಡು ತಿಂಗಳಾಗಿತ್ತು.

ಸಿವಿಲ್ ಲೈನ್ಸಿನ ಯೋಜನಾ ಕಚೇರಿಯಲ್ಲಿ ಆಗ ಈ ಭಾಗಕ್ಕೆ ಒಂದು ಅಗ್ನಿಶಾಮಕ ಠಾಣೆ, ಒಂದು ಪೊಲೀಸ್ ಚೌಕಿ ಕೊಡುವ ವಿಚಾರ ನಡೆದಿತ್ತು. ಕಡತ ಧನಶ್ರೀ ಮೇಡಂ ಕೈಯಲ್ಲಿ. ಮೂವತ್ತರ ಹರೆಯದ ಮರಾಠಿ ಹುಡುಗಿ, ಮಿತಭಾಷಿ, ಯಾವ ಅರ್ಜಿದಾರನಿಗೂ ಇಲ್ಲವೆನ್ನದೆ, ಹೌದೆಂದೂ ಹೇಳದೆ ಕೇಳಿಸಿಕೊಳ್ಳುವ ತಾಳ್ಮೆಯವಳು. ಅವಳ ಮುಂದೆ ಎರಡು ಜಾಗ ಇದ್ದವು. ಮೊದಲನೆಯದು ವರ್ಧಾ ರಸ್ತೆಯ ಬದಿಗೆ, ವಿಶಾಲ, ನೋಡಲು ಲಕ್ಷಣ, ದೊಡ್ಡವರು ಬಂದು ಟೇಪು ಕತ್ತರಿಸಲು ಹೇಳಿ ಮಾಡಿಸಿದ್ದು. ಆದರೆ ಗೇಟಿನ ಆಚೆ. ಎರಡನೆಯದು ಲೇಔಟಿನ ಒಳಗೆ, ಶುಕ್ರವಾರ ತರಕಾರಿ ಸಂತೆ ಕೂರುವ ಮೈದಾನ. ಕಚೇರಿಯ ಎಲ್ಲರ ಒಲವು ಮೊದಲನೆಯದರ ಕಡೆಗೇ ಇತ್ತು.

ಚಾರ್ಟನ್ನು ಸುರುಳಿ ಸುತ್ತಿ ಶಿವಶರಣಪ್ಪನವರು ಹೋದರು. ಮೂರು ಮೇಜು ಜೋಡಿಸಿ ಹಾಸಬೇಕಾಯಿತು. ಮುಚ್ಚಿದ ಗೇಟಿನ ಒಂದೊಂದು ಕ್ಷಣವೂ ಕೆಂಪು ಪೆನ್ಸಿಲ್ಲಿನಲ್ಲಿತ್ತು, ಹಗಲಿನ ಹನ್ನೆರಡು ಗಂಟೆಯಲ್ಲಿ ಮೂರು ಗಂಟೆ ನಲವತ್ತೆಂಟು ನಿಮಿಷ. ಒಳಗಿನ ಮೈದಾನದಿಂದಾದರೆ ಯಾವ ಮನೆಗೂ ಏಳು ನಿಮಿಷ ಮೀರುವುದಿಲ್ಲ ಎಂದು ಓರೆಗೆರೆಗಳು ಸಾರುತ್ತಿದ್ದವು. ಚೌಕಿಯೂ ಅದೇ ಆವಾರದಲ್ಲಿರಲಿ ಎಂದರು. ಬಂಬ್ ಹೊರಟರೆ ದಾರಿ ಬಿಡಿಸಲು ಇಬ್ಬರು ಪೊಲೀಸರು ಮೋಟಾರ್‌ಸೈಕಲ್ಲಿನಲ್ಲಿ ಮುಂದೆ ಹೋಗಬೇಕು, ಉಳಿದ ಹೊತ್ತು ಅವರೇ ಸಂಜೆಯ ಗಲ್ಲಿಗಳನ್ನು ಸುತ್ತಬೇಕು. ಮೇಡಂ ಕೆಂಪು ಗೆರೆಗಳ ಮೇಲೆ ಬೆರಳಾಡಿಸಿದಳು. 'ಕಾಕಾ, ಕಾಗದ ಚೆನ್ನಾಗಿದೆ. ಗಾಡಿ ಓಡಿಸಿ ನೋಡೋಣ. ಏಳು ನಿಮಿಷದೊಳಗೆ ಮುಟ್ಟಿದರೆ ನಿಮ್ಮ ಮೈದಾನ, ಇಲ್ಲವಾದರೆ ರಸ್ತೆಬದಿ. ಮಂಗಳವಾರ ಸಂಜೆ ನಾಲ್ಕಕ್ಕೆ ನನ್ನ ವರದಿ ಹೋಗಲೇಬೇಕು' ಎಂದು ಹಿಂದಿಯಲ್ಲಿ ಹೇಳಿದಳು. 'ಮಂಗಳವಾರ, ನಾಲ್ಕು. ಬರೋಬರ್' ಎಂದು ಇವರು ತಿರುಗಿ ಹೇಳಿದರು.

ಆ ಮಂಗಳವಾರ ಸೋನಬಾ ಲೇಔಟು ಮದುವೆಮನೆಯಾಗಿಬಿಟ್ಟಿತು. ಶಿವಶರಣಪ್ಪನವರು ಮೂರು ದಿನ ಮೊದಲೇ ಗಲ್ಲಿಗಲ್ಲಿಗೆ ಹೋಗಿ ಸ್ಕೂಟರು ಒಳಗಿಡಿ, ಮರಳಿನ ಗುಡ್ಡೆ ಸರಿಸಿ, ಹೂಕುಂಡ ಎತ್ತಿ ಎಂದು ಎಲ್ಲರ ಪ್ರಾಣ ತಿಂದಿದ್ದರು. ಬೆಳಗಾಗುವುದರೊಳಗೆ ಮೈದಾನದಲ್ಲಿ ಕೆಂಪು ಬಂಬ್ ಬಂದು ನಿಂತಿತ್ತು, ಅದರ ಪಕ್ಕದಲ್ಲಿ ಅಗ್ನಿಶಾಮಕ ಅಧಿಕಾರಿ ಗೌತಮ್ ಸಾಹೇಬರು, ಗಿರಿಜಾಮೀಸೆಯ ಗಂಭೀರ ಮನುಷ್ಯ. ಬಾಲ್ಕನಿಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ಯಾವ ಮನೆಗೆ ಓಡಿಸಬೇಕೆಂದು ಮೊದಲೇ ಹೇಳುವಂತಿಲ್ಲವಲ್ಲ, ಹತ್ತು ಗಲ್ಲಿಗಳ ಚೀಟಿ ಬರೆದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಮೇಡಂ ಒಂದನ್ನು ಎತ್ತಿದಳು. ಹತ್ತನೆಯ ಗಲ್ಲಿಯ ತುದಿ, ಭಾನುಮತಿಯವರ ಕಟ್ಟಡ. ಶಿವಶರಣಪ್ಪನವರ ಮುಖ ನೋಡಬೇಕಿತ್ತು ಆಗ. ದೇವರೇ ಬಂದು ಚೀಟಿ ಎತ್ತಿದನೆಂಬ ಹಾಗೆ ಕೆಂಪೇರಿತ್ತು.

ಹನ್ನೊಂದು ಆರಕ್ಕೆ ಗಂಟೆ ಬಾರಿಸಿ ಬಂಬ್ ಹೊರಟಿತು, ಮುಂದೆ ಪೊಲೀಸ್ ಮೋಟಾರ್‌ಸೈಕಲ್ಲು, ಹಿಂದೆ ಕಚೇರಿಯ ಜೀಪಿನಲ್ಲಿ ಮೇಡಂ ಮತ್ತು ಶಿವಶರಣಪ್ಪನವರು. ಗಾಡಿ ಒಂದೊಂದು ತಿರುವು ದಾಟಿದಾಗಲೂ ಅವರ ಪೆನ್ಸಿಲ್ಲು ಹಾಳೆಯ ಮೇಲೆ ಒಂದೊಂದು ಚೌಕ ಏರಿತು. ಎರಡು ನಿಮಿಷ, ಮೂರು ನಿಮಿಷ. ಗೆರೆಗಿಂತ ಗಾಡಿಯೇ ಇಪ್ಪತ್ತು ಸೆಕೆಂಡು ಮುಂದಿತ್ತು. ಹಳೆಯ ಕಂಟ್ರೋಲರ್ ಎದೆಯಲ್ಲಿ ಎಂಥ ಹಿಗ್ಗು ಹರಿದಿರಬೇಕು, ಮೂವತ್ತೊಂದು ವರ್ಷ ಕಾಣದೆ ಓಡಿಸಿದವನಿಗೆ ತನ್ನ ಗೆರೆಯೊಂದು ಗಂಟೆ ಬಾರಿಸುತ್ತಾ ಕಣ್ಣೆದುರಿಗೇ ಓಡುವುದನ್ನು ನೋಡುವ ಭಾಗ್ಯ. ಬಂಬ್ ಹತ್ತನೆಯ ಗಲ್ಲಿಗೆ ತಿರುಗುವ ಮೂಲೆಗೆ ಬಂತು, ಮೂತಿ ತಿರುಗಿಸಿತು, ನಿಂತುಬಿಟ್ಟಿತು.

ಚಾಲಕ ಇಳಿದ. ಹಿಂದೆ ನೋಡಿದ, ಮುಂದೆ ನೋಡಿದ, ಎರಡು ಸಲ ಹಿಂದೆ ಮುಂದೆ ಮಾಡಿದ. ಗಾಡಿ ತಿರುಗಲು ಆ ಮೂಲೆಯಲ್ಲಿ ಒಂದು ಮೊಳ ಅಗಲ ಸಾಲದು. ಅಡ್ಡವಾಗಿದ್ದದ್ದು ಮೂಲೆಮನೆಯ ಕಾಂಪೌಂಡಿನಿಂದ ರಸ್ತೆಗೆ ಚಾಚಿಕೊಂಡ ಒಂದು ಕಲ್ಲಿನ ಕಟ್ಟೆ. ಆ ಮೂಲೆಮನೆ ಶಿವಶರಣಪ್ಪನವರದು.

ಗೌತಮ್ ಸಾಹೇಬರು ಕೆಟ್ಟ ಮನಸ್ಸಿನಿಂದೇನೂ ಕೇಳಲಿಲ್ಲ. 'ಕಾಕಾ, ನಿಮ್ಮ ಚಾರ್ಟಿನಲ್ಲಿ ಹೊತ್ತು ಇದೆ, ದೂರ ಇದೆ. ನನ್ನ ಗಾಡಿಯ ಅಗಲ ಎಲ್ಲಿದೆ?'

ಶಿವಶರಣಪ್ಪನವರು ಚಾರ್ಟು ಬಿಡಿಸಿ ನೋಡಿದರು, ಅಗಲದ ಅಂಕಿ ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ರೈಲು ಓಡಿಸುವವನಿಗೆ ಅಗಲದ ಗೊಡವೆಯೇ ಇಲ್ಲ. ಹಳಿಯ ಅಂತರ ಅವನು ಹುಟ್ಟುವ ಮೊದಲೇ ಗೊತ್ತಾಗಿರುತ್ತದೆ. ಗಾಡಿ ಎಷ್ಟು ದಪ್ಪ, ದಾರಿ ಎಷ್ಟು ಅಗಲ ಎಂದು ಯಾವ ಸ್ಟೇಷನ್ ಮಾಸ್ತರನೂ ಫೋನಿನಲ್ಲಿ ಹೇಳುವುದಿಲ್ಲ. ಅವರು ಲೇಔಟೆಲ್ಲ ಅಳೆದದ್ದು ಸ್ಕೂಟರಿನಲ್ಲಿ. ಆ ಸ್ಕೂಟರು ಈ ಕಟ್ಟೆಯನ್ನು ದಿನಕ್ಕೆ ನಾಲ್ಕು ಸಲ ಸುತ್ತಿ ಹೋಗುತ್ತಿತ್ತು. ಊರವರ ತಟ್ಟೆಯ ನೊಣ ಓಡಿಸುತ್ತಾ ತಿರುಗಿದ ಮಹಾನುಭಾವರಿಗೆ ತಮ್ಮ ತಟ್ಟೆಯ ಹೆಗ್ಗಣ ಕಂಡಿರಲಿಲ್ಲ. ನೆರೆದವರಲ್ಲಿ ಕೆಲವರು ನಕ್ಕರು. ಹೂಕುಂಡ ಎತ್ತಿಸಿಕೊಂಡವರು ಸ್ವಲ್ಪ ಜೋರಾಗಿಯೇ ನಕ್ಕರು.

ಮೇಡಂ ನಗಲಿಲ್ಲ. ಚೌಕಿಯ ಜಾಗ ನೋಡುವುದಿದೆ, ಅಲ್ಲಿಂದ ಹನ್ನೆರಡೂವರೆಗೆ ಹೊರಡುತ್ತೇನೆ, ಆಮೇಲೆ ಗಾಡಿಯೂ ಇರುವುದಿಲ್ಲ, ನಾನು ಕಂಡದ್ದನ್ನೇ ಬರೆಯಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿ ಜೀಪು ಹತ್ತಿದಳು. ಶಿವಶರಣಪ್ಪನವರು ಕಟ್ಟೆಯ ಮುಂದೆ ನಿಂತೇ ಇದ್ದರು. ಗಡಿಯಾರ ಕಟ್ಟಿದ ಎಡಗೈ ಮೊದಲ ಸಲ ಕೆಳಗೆ ಇಳಿಬಿದ್ದಿತ್ತು.

ಆ ಕಟ್ಟೆಯ ಸಂಗತಿ ಹೇಳದಿದ್ದರೆ ಅವರ ಸಂಕಟ ಅರ್ಥವಾಗುವುದಿಲ್ಲ. ಅದು ಲಲಿತಾಬಾಯಿಯವರ ಕಟ್ಟೆ. ಏಳು ವರ್ಷದ ಹಿಂದೆ ತವರಿನಿಂದ ಶಹಾಬಾದಿನ ಆರು ಹಾಸುಗಲ್ಲು ತರಿಸಿ, ಎದುರಿಗೆ ನಿಂತು ಹಾಕಿಸಿದ್ದು. ಹೊರಗೆ ಮರಾಠಿ, ಅಂಗಡಿಯಲ್ಲಿ ಹಿಂದಿ, ಮೊಮ್ಮಕ್ಕಳ ಜೊತೆ ಫೋನಿನಲ್ಲಿ ಅರ್ಧಂಬರ್ಧ ಎಲ್ಲವೂ. ಬಾಯಿ ತುಂಬ ಕನ್ನಡ ಆಡಲು ಆಕೆಗೆ ನಾಗಪುರದಲ್ಲಿ ಇದ್ದ ಜಾಗ ಇದೊಂದೇ. ದಿನಾ ಸಂಜೆ ಸುತ್ತಲಿನ ಕನ್ನಡದ ಹೆಂಗಸರು ಅಲ್ಲಿ ಸೇರುವರು, ಅವರೆ ಬಿಡಿಸುವರು, ಶೇಂಗಾ ಸುಲಿಯುವರು, ಸೊಸೆಯಂದಿರನ್ನೂ ಸುಲಿಯುವರು. ಅದನ್ನು ಒಡೆಯೋಣವೆಂದು ಶಿವಶರಣಪ್ಪನವರು ಹೆಂಡತಿಗೆ ಹೇಳುವುದು ಹೇಗೆ?

ಹೇಳುವ ಪ್ರಸಂಗವೇ ಬರಲಿಲ್ಲ. ಮನೆಯೊಳಗಿಂದ ಲಲಿತಾಬಾಯಿ ಬಂದರು, ಕೈಯಲ್ಲಿ ಕಬ್ಬಿಣದ ಹಾರೆ. ಅದನ್ನು ಕಟ್ಟೆಗೆ ಆನಿಸಿಟ್ಟರು.

'ಮಾರಿ ಏನ್ ನೋಡ್ತೀರಿ? ಹನ್ನೆರಡೂವರಿಗಿ ಹೋಗ್ತಾಳಂತ ಆ ಹುಡುಗಿ.'

'ಇದು ನಿಂದದ, ಲಲಿತಾ.'

'ನಂದೇ ಅದ, ಅದಕ್ಕೇ ಹೇಳ್ಲಾಕತ್ತೀನಿ. ಕಲ್ಲು ಬ್ಯಾರೆ ಕಡಿಗಿ ಹಾಸಿದ್ರ ಮತ್ತ ಕಟ್ಟಿ ಆಗ್ತದ. ಭಾನಕ್ಕ ಬ್ಯಾರೆ ಕಡಿಗಿ ಸಿಗ್ತಾಳೇನ್ರಿ?'

ಶಿವಶರಣಪ್ಪನವರು ಕೋಟು ಕಳಚಿದರು. ಪೆನ್ಸಿಲ್ಲು, ಪಟ್ಟಿ, ವಿಭೂತಿ ಸಮೇತ ಅದನ್ನು ಹೆಂಡತಿಯ ಕೈಗೆ ಕೊಟ್ಟು ಹಾರೆ ಎತ್ತಿದರು. ಅರವತ್ತನಾಲ್ಕರ ದೇಹ, ಮೊದಲ ಕಲ್ಲು ಅಲುಗಲಿಲ್ಲ. ಮೂರನೆಯ ಮೀಟಿಗೆ ನಕ್ಕವರಲ್ಲೇ ಒಬ್ಬ ಬಂದು ಕೈ ಹಚ್ಚಿದ, ಅವನ ಹಿಂದೆ ಇನ್ನಿಬ್ಬರು. ಬಂಬಿನ ಸಿಬ್ಬಂದಿ ಗೌತಮ್ ಸಾಹೇಬರ ಮುಖ ನೋಡಿದರು, ಸಾಹೇಬರು ಮೀಸೆ ತಿರುವಿ ಆಕಾಶ ನೋಡಿದರು, ಅಷ್ಟು ಸಾಕಾಯಿತು, ಅವರೂ ಸಬ್ಬಲು ಹಿಡಿದು ಇಳಿದರು. ಜಲ್ದಿ ಜಲ್ದಿ ಎಂದು ಬಾಲ್ಕನಿಗಳು ಕೂಗಿದವು. ಭಾನುಮತಿ ಕೆಳಗಿಳಿದು ಬಂದು, 'ರೀ ಲಲಿತಮ್ಮ, ಇದೆಲ್ಲ ಯಾಕೆ, ಬೇಡಾಂತ ಹೇಳಿ ಅವರಿಗೆ' ಎಂದು ಕಣ್ಣೊರೆಸಿಕೊಂಡರೆ, 'ನೀವು ಮ್ಯಾಲ ಹೋಗಿ ನಿಂದರ್ರಿ, ಅವರು ಬರೋದು ನಿಮ್ಮ ಮನಿಗೇ' ಎಂದು ಲಲಿತಾಬಾಯಿ ಗದರಿಸಿ ಕಳಿಸಿದರು. ಆರೂ ಹಾಸುಗಲ್ಲುಗಳು ಎದ್ದವು, ಒಂದೂ ಮುಕ್ಕಾಗದೆ ಗೋಡೆಗೆ ಒರಗಿ ನಿಂತವು. ಕೆಳಗಿನ ಇಟ್ಟಿಗೆ, ಮಣ್ಣು, ಗಾರೆ ಬುಟ್ಟಿಬುಟ್ಟಿಯಾಗಿ ಅಂಗಳಕ್ಕೆ ಬಿತ್ತು. ಹನ್ನೆರಡು ಹದಿನೆಂಟಕ್ಕೆ ಮೂಲೆ ಬಯಲಾಯಿತು.

ಮೇಡಂ ಬಂದು ನೋಡಿ ಬಂಬನ್ನು ಮೈದಾನಕ್ಕೆ ವಾಪಸು ಕಳಿಸಿದಳು. ಹನ್ನೆರಡು ಇಪ್ಪತ್ತಾರಕ್ಕೆ ಮತ್ತೆ ಗಂಟೆ. ಈ ಸಲ ಶಿವಶರಣಪ್ಪನವರು ಜೀಪು ಹತ್ತಲಿಲ್ಲ. ಬನಿಯನ್ನಿನಲ್ಲಿ, ಮೈಯೆಲ್ಲ ಧೂಳು, ಆ ಮೂಲೆಯಲ್ಲೇ ಗೋಡೆಗೆ ಬೆನ್ನು ಹಚ್ಚಿ ನಿಂತರು. ಗಂಟೆಯ ಸದ್ದು ಹತ್ತಿರ ಬಂತು. ಕೆಂಪು ಗೋಡೆಯೊಂದು ಮೂಲೆಗೆ ಬಂದು, ಮೂತಿ ತಿರುಗಿಸಿ, ಅವರ ಎದೆಗೆ ಒಂದು ಗೇಣು ದೂರದಲ್ಲಿ ಗಾಳಿ ಬೀಸಿಕೊಂಡು ಹಾದುಹೋಯಿತು. ಭಾನುಮತಿಯವರ ಬಾಲ್ಕನಿಗೆ ಏಣಿ ಆನಿದಾಗ ಐದು ನಿಮಿಷ ಐವತ್ತೆರಡು ಸೆಕೆಂಡು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವಶರಣಪ್ಪನವರು ಮಾತ್ರ ಕತ್ತೆತ್ತಿ ಮೂರನೆಯ ಅಂತಸ್ತನ್ನು ನೋಡುತ್ತಿದ್ದರು. ಮೇಲಿನಿಂದ ಭಾನುಮತಿ ಅವರಿಗೆ ಕೈ ಮುಗಿದು ನಿಂತಿದ್ದರು.

ಮೂರು ಐವತ್ತೇಳಕ್ಕೆ ಮೇಡಂ ಫೋನು ಮಾಡಿದಳು. 'ಕಾಕಾ, ಒಳಗಿನ ಮೈದಾನ ಎಂದು ಬರೆದೆ. ಬಂಬ್, ಚೌಕಿ ಎರಡೂ. ಗಲ್ಲಿಗಳ ಅಗಲವನ್ನೂ ಅಳೆಸಲು ಬರೆದಿದ್ದೇನೆ.' ಇವರು ತಿರುಗಿ ಹೇಳಹೊರಟು, 'ಬರೋಬರ್' ಎನ್ನುವುದನ್ನೇ ಮರೆತು ಫೋನನ್ನು ಹೆಂಡತಿಯ ಕಡೆ ಚಾಚಿದರು. ಲಲಿತಾಬಾಯಿ ಫೋನು ತೆಗೆದುಕೊಂಡು, 'ಹಾಂ ಬೇಟಾ, ಸುನಾಯಿ ದಿಯಾ ಉನಕೋ' ಎಂದು, ಅವರಿಗೆ ಕೇಳಿಸಿತೆಂದು ಹಿಂದಿಯಲ್ಲೇ ಖಾತರಿ ಮಾಡಿದರು.

ನಮ್ಮ ಬೆಳೆಯುವ ಬಡಾವಣೆಗಳಲ್ಲೆಲ್ಲ ಇಂಥ ಒಬ್ಬರಾದರೂ ಇದ್ದೇ ಇರುತ್ತಾರೆ. ಅರ್ಜಿ ಹಿಡಿದು ಬಾಗಿಲು ತಟ್ಟುವವರು, ಸಭೆಯಲ್ಲಿ ಎರಡನೆಯ ಸಲ ಕೈಯೆತ್ತುವವರು, ಬಂದರಪ್ಪಾ ಎಂದು ನಾವು ಪರದೆ ಎಳೆದುಕೊಳ್ಳುವವರು. ಅವರು ತಪ್ಪು ಮಾಡುವುದೇ ಇಲ್ಲವೆಂದಲ್ಲ. ತಪ್ಪು ತಮ್ಮ ಬಾಗಿಲಲ್ಲೇ ಸಿಕ್ಕಾಗ ಅಲ್ಲಿಂದಲೇ ಒಡೆಯಲು ಶುರುಮಾಡುತ್ತಾರೆ. ನಾಳೆ ಬರಬಹುದಾದ ಕೇಡನ್ನು ಕಂಡಕಂಡವರ ಪರವಾಗಿ ಇಂದೇ ಚಿಂತಿಸುವುದು ಕೂಡ ಒಂದು ಬಗೆಯ ಪ್ರೀತಿ. ಆ ಪ್ರೀತಿಗೆ ಯಾರೂ ಹಾರ ಹಾಕುವುದಿಲ್ಲ, ಹಾಕಲು ನೆಪವೂ ಸಿಗುವುದಿಲ್ಲ, ಏಕೆಂದರೆ ಅದು ಗೆದ್ದ ದಿನ ಊರಿನಲ್ಲಿ ಏನೂ ನಡೆದಿರುವುದಿಲ್ಲ.